ಪೇಟಿ ಮಾಸ್ತರರ ದಾಯಾದಿಗಳು

ಹೂವಿನಹಡಗಲಿಯ ಸೀಮೆಯಲ್ಲಿ ಜಾತ್ರೆಯೆಂದ ಮೇಲೆ ನಾಟಕದ ಕಂಪನಿ ಬರಲೇಬೇಕೆಂಬ ಕಾಲವೊಂದಿತ್ತು. ಮೈಲಾರವಿರಲಿ, ಕೊಟ್ಟೂರಿರಲಿ, ಜನ ನೆರೆಯುವ ಮುನ್ನವೇ ತಗಡಿನ ಥಿಯೇಟರು ಎದ್ದು ನಿಲ್ಲುತ್ತಿತ್ತು. ಪರದೆ ಏಳುವುದಕ್ಕೆ ಮೊದಲು ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿದ್ದವರು ಕಾಲಪೇಟಿಯ ಮುಂದೆ ಕುಳಿತ ಮಾಸ್ತರರು. ತಿದಿಯನ್ನು ಕಾಲಿನಿಂದ ಒತ್ತುವುದರಿಂದ ಅವರ ಎರಡು ಕೈಗಳೂ ಬಿಡುವಾಗಿರುತ್ತಿದ್ದವು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಆ ಎರಡು ಕೈಗಳ ನಾದ ಕೊನೆಯ ಚಾಪೆಯವರೆಗೂ ಮುಟ್ಟುತ್ತಿತ್ತು. ಶ್ರುತಿ ತಪ್ಪಿದ ನಟನನ್ನು ಸಭೆಗೆ ತಿಳಿಯದಂತೆ ದಾರಿಗೆ ತರುವ ಹೊಣೆಯೂ ಅವರದೇ. ರಾಜನ ವೇಷದವನಿಗೆ ಚಪ್ಪಾಳೆ, ಮಾಸ್ತರರಿಗೆ ಬೆವರು!

ಪೇಟಿಯೊಳಗಿನ ಗುಟ್ಟು ಒಂದು ಹಿತ್ತಾಳೆಯ ನಾಲಿಗೆ. ಗಾಳಿ ಹಾಯ್ದಾಗ ಅದು ಅದುರುತ್ತದೆ. ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಜಾತ್ರೆಯಲ್ಲಿ ಮಕ್ಕಳು ಹಟ ಮಾಡಿ ಕೊಳ್ಳುವ ಮೌತ್ ಆರ್ಗನ್ನಿನ ಒಡಲಲ್ಲಿರುವುದೂ ಇದೇ ನಾಲಿಗೆ. ಅಲ್ಲಿ ತಿದಿಯ ಕೆಲಸವನ್ನು ಉಸಿರು ಮಾಡುತ್ತದೆ, ಅಷ್ಟೆ. ಒಂದೇ ರಂಧ್ರ ಊದಿದರೆ ಒಂದು ಸ್ವರ, ಸೆಳೆದರೆ ಇನ್ನೊಂದು. ಜರ್ಮನಿಯ ಟ್ರಾಸಿಂಗೆನ್ ಊರಿನಲ್ಲಿ ಮಥಿಯಾಸ್ ಹೋನರ್ ಎಂಬ ಗಡಿಯಾರದ ಕಸುಬಿನವನು 1857ರಲ್ಲಿ ಅದರ ತಯಾರಿಕೆಗೆ ಕೈಹಾಕಿದ.

ಈ ಚಿಕ್ಕ ದಾಯಾದಿಯ ಭಾಗ್ಯವನ್ನು ನೋಡಿ. ಕೀವ್‌ನಲ್ಲಿ ಹುಟ್ಟಿ ಅಮೆರಿಕ ಸೇರಿದ ಬೋರಾ ಮಿನೆವಿಚ್ ಎಂಬಾತ ಹುಡುಗರನ್ನು ಕೂಡಿಸಿ 'ಹಾರ್ಮೋನಿಕಾ ರಾಸ್ಕಲ್ಸ್' ಎಂಬ ಮೇಳ ಕಟ್ಟಿದ. ಮಂದ್ರಕ್ಕೊಂದು, ಸ್ವರಮೇಳಕ್ಕೊಂದು, ರಾಗಕ್ಕೊಂದು ಎಂದು ಬೇರೆ ಬೇರೆ ಅಳತೆಯ ವಾದ್ಯಗಳು. ಜಾನಿ ಪುಲಿಯೊ ಎಂಬ ಕುಳ್ಳ ಕಲಾವಿದ ಉಳಿದವರ ತಳ್ಳಾಟದಲ್ಲಿ ಸಿಕ್ಕಿ ನಗೆಯೆಬ್ಬಿಸುತ್ತಿದ್ದ. ಹಾಲಿವುಡ್ ಇವರನ್ನು ಕರೆದು 1936ರ 'ಒನ್ ಇನ್ ಎ ಮಿಲಿಯನ್' ಚಿತ್ರದಲ್ಲಿ ಕ್ಯಾಮೆರಾದ ಮುಂದೆಯೇ ನಿಲ್ಲಿಸಿತು. ಬಾರಿಸುವವರೇ ಅಲ್ಲಿ ಪಾತ್ರಧಾರಿಗಳು!

ನಮ್ಮ ಪೇಟಿಗೆ ಆ ಯೋಗವಿರಲಿಲ್ಲ. ಮೂಕಿಚಿತ್ರಗಳ ದಿನಗಳಲ್ಲಿ ಪೇಟಿ, ತಬಲಾ ತೆರೆಯ ಕೆಳಗೆ ಕತ್ತಲಲ್ಲಿ ಕುಳಿತು ದೃಶ್ಯಕ್ಕೆ ತಕ್ಕ ರಾಗ ಹಾಕುತ್ತಿದ್ದವು. 1931ರಲ್ಲಿ 'ಆಲಂ ಆರಾ' ಮಾತಾಡಿತು. ತೆರೆಯ ಕೆಳಗಿನ ಕುರ್ಚಿ ಖಾಲಿಯಾಗತೊಡಗಿತು. 1934ರ ಮಾರ್ಚಿಯಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ತೆರೆಕಂಡಿತು. ಕೊಲ್ಹಾಪುರದಲ್ಲಿ ತಯಾರಾದ ಆ ಚಿತ್ರದ ನಾಯಕ ಸುಬ್ಬಯ್ಯ ನಾಯ್ಡು, ರಾವಣನ ಪಾತ್ರದ ಆರ್. ನಾಗೇಂದ್ರರಾಯರು, ಇಬ್ಬರೂ ನಾಟಕದ ರಂಗದಲ್ಲಿ ಪಳಗಿದವರು. ಹಿನ್ನೆಲೆ ಗಾಯನವಿನ್ನೂ ಬಾರದ ಆ ಕಾಲದ ಚಿತ್ರಗಳಲ್ಲಿ ನಟರು ಸ್ಥಳದಲ್ಲೇ ಹಾಡಬೇಕು. ಪಕ್ಕವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯನ್ನು ಹುಡುಕಿಕೊಳ್ಳಬೇಕು. ಕೇಳಬೇಕು, ಕಾಣಬಾರದು.

ಇದರ ಮೇಲೆ 1940ರಲ್ಲಿ ಆಕಾಶವಾಣಿಯೂ ಬಾಗಿಲು ಹಾಕಿತು. ಪರದೇಶದ ವಾದ್ಯ, ಅದರಲ್ಲಿ ಮೀಂಡು ನುಡಿಯದು, ಶ್ರುತಿಸೂಕ್ಷ್ಮಗಳು ಸಿಗವು ಎಂಬುದು ಆಕ್ಷೇಪ. ಆಕ್ಷೇಪ ಸುಳ್ಳಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ಶಕ್ತಿ ಪೇಟಿಗಿಲ್ಲ. ಆದರೆ ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿಯಾಗಿ ಮಾರ್ಪಡಿಸಿ ಆಗಲೇ ಆರು ದಶಕಗಳು ಸಂದಿದ್ದವು. ಹಳ್ಳಿಯ ಭಜನೆಯಲ್ಲಿ, ಬಯಲಾಟದಲ್ಲಿ ಮನೆಮಗನಾದವನನ್ನು ಪರದೇಶಿಯೆಂದು ಹೊರಗಿಟ್ಟದ್ದು ನ್ಯಾಯವೆನ್ನಿಸದು. ನಿಷೇಧ ಸಡಿಲವಾದದ್ದು 1971ರಲ್ಲಿ, ಮೂವತ್ತೊಂದು ವರ್ಷಗಳ ಮೇಲೆ. ಅಷ್ಟರೊಳಗೆ ಎಷ್ಟು ಮಾಸ್ತರರ ಕೈಬೆರಳು ನಡುಗತೊಡಗಿದ್ದವೋ!

ನಡುವೆ 1964ರಲ್ಲಿ 'ದೋಸ್ತಿ' ಎಂಬ ಹಿಂದಿ ಚಿತ್ರ ಬಂದಿತು. ಕುಂಟ ಹುಡುಗನೊಬ್ಬ ಮೌತ್ ಆರ್ಗನ್ ನುಡಿಸುತ್ತಾನೆ, ಕುರುಡ ಗೆಳೆಯ ಹಾಡುತ್ತಾನೆ. ತೆರೆಯ ಹಿಂದೆ ಆ ವಾದ್ಯವನ್ನು ನುಡಿಸಿದವರು ರಾಹುಲ್ ದೇವ್ ಬರ್ಮನ್.

ಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ಕಟ್ಟಿದ ರಂಗಭಾರತಿ ಮುಂದೆ ಆ ಸೀಮೆಗೆ ಹೊಸ ನಾಟಕಗಳ ರುಚಿ ಹತ್ತಿಸಿತು. ಹಳೆಯ ಕಾಲಪೇಟಿ ಮಾತ್ರ ಅಪರೂಪವಾಗಿದೆ. ಅದರ ತಮ್ಮನಾದ ಕೈಪೇಟಿ ಗುಡಿಯ ಕಟ್ಟೆಯ ಮೇಲೆ, ಭಜನೆಯವರ ನಡುವೆ, ಇರುಳೆಲ್ಲ ಉಸಿರಾಡುತ್ತದೆ.