ಮೌನವೋ, ಮರೆಯೋ?



ನಮ್ಮ ಪ್ರವಚನ ವೇದಿಕೆಗಳಲ್ಲಿ ಒಂದು ಮಾತು ತೀರ ಅಗ್ಗವಾಗಿಬಿಟ್ಟಿದೆ: ‘ಇದು ಅನುಭಾವದ ವಿಷಯ, ಮಾತಿಗೆ ನಿಲುಕುವಂಥದಲ್ಲ.’ ಇಷ್ಟು ಹೇಳಿ ಪ್ರವಚನಕಾರರು ಮುಂದೆ ಸಾಗುತ್ತಾರೆ; ಪ್ರಶ್ನೆ ಕೇಳಿದವನು ತಲೆ ತಗ್ಗಿಸಿ ಕುಳಿತುಕೊಳ್ಳುತ್ತಾನೆ. ಆತನ ಪ್ರಶ್ನೆ ಏನಿತ್ತೆಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ?

ಮಾತಿಗೆ ಮೇರೆಯುಂಟೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಹೇಳುವವನೊಬ್ಬ, ಹೇಳಿಸಿಕೊಳ್ಳುವ ವಸ್ತುವೊಂದು ಇದ್ದಲ್ಲಿ ಮಾತ್ರ ಮಾತು ನಡೆಯುತ್ತದೆ. ಲಿಂಗಾಂಗ ಸಾಮರಸ್ಯದಲ್ಲಿ ಆ ಎರಡು ಉಳಿಯುವುದಿಲ್ಲ. ಆದುದರಿಂದಲೇ ಅಲ್ಲಮಪ್ರಭುಗಳು ಬೆಡಗಿನ ನುಡಿಯನ್ನು ಹಿಡಿದರು. ಪರತತ್ತ್ವವನ್ನು ಬಯಲೆಂದರು, ಶೂನ್ಯವೆಂದರು.

ಹಾಗೆಂದು ಅವರು ಪ್ರಶ್ನೆಗೆ ಬೆನ್ನು ತೋರಿದರೆ? 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಾಗಿ ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿ ಮುಕ್ತಾಯಕ್ಕನ ಪ್ರಸಂಗವನ್ನು ಓದಿನೋಡಿರಿ. ಸೋದರ ಅಜಗಣ್ಣನು ಲಿಂಗೈಕ್ಯನಾಗಿದ್ದಾನೆ. ತನ್ನ ಭಕ್ತಿಯನ್ನು ಯಾರಿಗೂ ತೋರದೆ ಬಾಳಿದ ಗುಪ್ತಭಕ್ತನಾತ. ಆಕೆಗೆ ಗುರುವೂ ಹೌದು. ಆ ಶೋಕದ ನಡುವೆಯೇ ಆಕೆ ಪ್ರಭುಗಳನ್ನು ತಡೆದು ನಿಲ್ಲಿಸುತ್ತಾಳೆ: ಅರಿತವನಿಗೆ ಮಾತೇಕೆ? ಮಾತು ಇನ್ನೂ ಉಳಿದಿರುವಲ್ಲಿ ಅರಿವು ಪೂರ್ಣವಾಯಿತೆಂದು ನಂಬುವುದೆಂತು? ನುಡಿಯ ಮೇರೆಯನ್ನು ಕುರಿತು ಇದಕ್ಕಿಂತ ಕಠಿಣವಾದ ಪ್ರಶ್ನೆ ಕನ್ನಡದಲ್ಲಿ ಹುಟ್ಟಿದೆಯೆಂದು ನನಗೆ ತೋರದು. ಪ್ರಭುಗಳು ‘ಅನಿರ್ವಚನೀಯ’ದ ಮರೆಹೊಕ್ಕು ಆಕೆಯ ಬಾಯಿ ಕಟ್ಟಲಿಲ್ಲ. ಆಕೆಯ ಸಂಶಯ ಹರಿಯುವವರೆಗೆ ನುಡಿಗೆ ನುಡಿ ಕೊಟ್ಟರು.

ಬುದ್ಧನ ಮೌನವನ್ನು ಸಾಕ್ಷಿಗೆ ಕರೆಯುವವರೂ ಇದ್ದಾರೆ. ಲೋಕವು ನಿತ್ಯವೋ ಅನಿತ್ಯವೋ, ಜೀವ ದೇಹಗಳು ಒಂದೋ ಬೇರೆಯೋ ಎಂದು ಮಾಲುಂಕ್ಯಪುತ್ತನು ಪಟ್ಟು ಹಿಡಿದಾಗ ಬುದ್ಧನು ಉತ್ತರಿಸಲಿಲ್ಲವೆಂಬುದು ದಿಟ. ಆದರೆ ಏಕೆ ಉತ್ತರಿಸುವುದಿಲ್ಲವೆಂಬುದನ್ನು ವಿಷದ ಬಾಣ ನೆಟ್ಟವನ ದೃಷ್ಟಾಂತದಿಂದ ವಿವರಿಸಿದನು. ದುಃಖವನ್ನೂ ಅದರ ನಿವಾರಣೆಯ ಮಾರ್ಗವನ್ನೂ ಬಿಡಿಸಿ ಹೇಳಿದನು. ಬಾಣ ಕೀಳದೆ ಸುಮ್ಮನೆ ಕುಳಿತ ವೈದ್ಯನಲ್ಲ ಆತ.

ನಮ್ಮಲ್ಲಿ ನಡೆಯುತ್ತಿರುವುದೇನು? ಎಳೆಯ ಮಗುವನ್ನು ಕಳೆದುಕೊಂಡ ತಾಯಿ ‘ನನಗೇಕೆ ಹೀಗಾಯಿತು?’ ಎಂದು ಅಳುತ್ತಾಳೆ. ಯಾವ ನುಡಿಯೂ ಮುಟ್ಟಲಾರದ ಪ್ರಶ್ನೆ ಅದು. ಅಲ್ಲಿ ಕೈಹಿಡಿದು ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಅಲ್ಲಿ ನಮ್ಮ ಪಂಡಿತರು ಪೂರ್ವಜನ್ಮದ ಲೆಕ್ಕವನ್ನು ಗಂಟೆಗಟ್ಟಲೆ ಒಪ್ಪಿಸುತ್ತಾರೆ! ಲಿಂಗ ಧರಿಸಿದವರಲ್ಲಿ ಭೇದವಿಲ್ಲವೆಂದ ಮೇಲೆ ಹೆಣ್ಣು ನೋಡುವಾಗ ಒಳಪಂಗಡವನ್ನೇಕೆ ಕೇಳುತ್ತೀರಿ ಎಂದು ವಿದ್ಯಾರ್ಥಿನಿಲಯದ ಹುಡುಗನೊಬ್ಬನು ಎದ್ದು ಕೇಳಿದರೆ ಅದೇ ಪಂಡಿತರಿಗೆ ಒಮ್ಮೆಲೇ ಭಾಷೆಯ ಮಿತಿ ನೆನಪಾಗುತ್ತದೆ. ಸ್ವಾಮಿ, ಇದರಲ್ಲಿ ಅನುಭಾವದ ಮಾತೆಲ್ಲಿ ಬಂತು? ನೇರವಾದ ಎರಡು ವಾಕ್ಯಗಳಲ್ಲಿ ಉತ್ತರಿಸಬಹುದು. ಉತ್ತರಿಸಲು ನಾಚಿಕೆ, ಅಷ್ಟೆ.

ಮಠದ ಅನ್ನ ಉಂಡು ಅಕ್ಷರ ಕಲಿತ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಬರುವ ಶ್ರಾವಣದ ಪ್ರವಚನದಲ್ಲಿ ಆ ಹುಡುಗನು ಮತ್ತೆ ಎದ್ದು ನಿಂತರೆ, ಪಕ್ಕದಲ್ಲಿರುವ ನೀವು ಆತನ ಅಂಗಿ ಹಿಡಿದೆಳೆದು ಕುಳ್ಳಿರಿಸಬೇಡಿರಿ.