ಹೊಗೆಗೆ ಕಡಿವಾಣ: ಖರ್ಚು ಯಾರದು, ಲಾಭ ಯಾರಿಗೆ?

ಐರೋಲಿಯಲ್ಲಿ ಥಾಣೆ-ಬೇಲಾಪುರ ರಸ್ತೆಯ ಒಂದು ಬದಿಗೆ ವಸತಿ ಸೆಕ್ಟರ್‌ಗಳು, ಇನ್ನೊಂದು ಬದಿಗೆ ಎಂಐಡಿಸಿಯ ಕೈಗಾರಿಕಾ ಪ್ರದೇಶ. ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಅನೇಕರಿಗೆ ಅನ್ನ ಕೊಟ್ಟದ್ದೂ ಆ ಬದಿಯೇ, ಹೊಗೆ ಕೊಟ್ಟದ್ದೂ ಆ ಬದಿಯೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ನಗರಗಳ ಪಟ್ಟಿಯಲ್ಲಿ ನವಿಮುಂಬಯಿಯ ಹೆಸರೂ ಇದೆ.

ಈಗ ಈ ಚರ್ಚೆ ಹೊಟೇಲಿನ ಅಡುಗೆ ಕೋಣೆಗೇ ಬಂದಿದೆ. ಮುಂಬಯಿಯಲ್ಲಿ ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಹಾಗೂ ಅಂತಹ ಉದ್ಯಮಗಳು 6 ತಿಂಗಳೊಳಗೆ ಗ್ಯಾಸ್ ಅಥವಾ ಇತರ ಹಸಿರು ಇಂಧನಕ್ಕೆ ಬದಲಾಗಬೇಕೆಂದು ಹೈಕೋರ್ಟ್ 2025ರ ಜನವರಿ 9ರಂದು ಆದೇಶಿಸಿತು. ತಂದೂರ್ ಇರುವ ಹೊಟೇಲುಗಳಿಗೂ ಪಾಲಿಕೆಯ ನೋಟಿಸು ಬಂತು. ಹೊಟೇಲು ಉದ್ಯಮದಲ್ಲಿ ತುಳು-ಕನ್ನಡಿಗರ ಪಾಲು ದೊಡ್ಡದು. ಮುಂಬಯಿಯ ನಿಯಮ ನಾಳೆ ಖಾಡಿ ದಾಟಿ ಬರಲಾರದು ಎಂದು ಐರೋಲಿಯ ಹೊಟೇಲಿಗರು ನೆಮ್ಮದಿಯಿಂದ ಇರುವಂತಿಲ್ಲ.

ಹೊಟೇಲಿಗರ ಅಳಲು ಸುಳ್ಳಲ್ಲ. ಹೊಸ ಒಲೆ, ಗ್ಯಾಸ್ ಜೋಡಣೆ, ಕೆಲಸ ಮುಗಿಯುವವರೆಗಿನ ವ್ಯಾಪಾರ ನಷ್ಟ, ರುಚಿ ಬದಲಾದೀತೆಂಬ ಭಯ ಎಲ್ಲವೂ ಇದೆ. ದೊಡ್ಡ ಹೊಟೇಲು ಇದನ್ನು ತಡೆದುಕೊಂಡೀತು. ಕಂಡಕ್ಟಿಂಗ್ ಮೇಲೆ ನಡೆಸುವ ಸಣ್ಣ ಹೊಟೇಲಿಗೆ ಇದು ಅಳಿವು ಉಳಿವಿನ ಪ್ರಶ್ನೆ.

ಆದರೆ ಇನ್ನೊಂದು ಲೆಕ್ಕವೂ ಇದೆ. ಪಿಎಂ 2.5 ಎಂಬ ಸೂಕ್ಷ್ಮ ಕಣ ಶ್ವಾಸಕೋಶದ ಆಳಕ್ಕಿಳಿದು ಹೃದಯಕ್ಕೂ ಕೇಡು ತರುತ್ತದೆ. ಹೊಗೆ ಮೊದಲು ತಟ್ಟುವುದು ತಂದೂರಿನ ಮುಂದೆ ನಿಂತು ರೊಟ್ಟಿ ಸುಡುವ ಕಾರ್ಮಿಕನಿಗೇ. ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಅಮೆರಿಕದ ಪರಿಸರ ಸಂಸ್ಥೆ 2011ರಲ್ಲಿ ಹಾಕಿದ ಅಂದಾಜಿನಂತೆ, ಅಲ್ಲಿನ 1990ರ ವಾಯು ಕಾನೂನು ತಿದ್ದುಪಡಿಯಿಂದ 2020ರಲ್ಲಿ ಆಗುವ ವಾರ್ಷಿಕ ಖರ್ಚು 6,500 ಕೋಟಿ ಡಾಲರ್, ಲಾಭ ಸುಮಾರು 2 ಲಕ್ಷ ಕೋಟಿ ಡಾಲರ್. ಆ ಲಾಭದ ಬಹುಪಾಲು ಅಕಾಲ ಮರಣ ತಪ್ಪಿದ್ದರಿಂದ ಬಂದದ್ದು.

ತೊಡಕಿರುವುದು ಹಂಚಿಕೆಯಲ್ಲಿ. ಬಿಲ್ಲು ಇಂದೇ ಒಬ್ಬನ ಕೈಗೆ ಬರುತ್ತದೆ. ಲಾಭ ನಿಧಾನವಾಗಿ ಲಕ್ಷಾಂತರ ಜನರಿಗೆ ಹಂಚಿಹೋಗುತ್ತದೆ. ಆದುದರಿಂದ ಮಿತಿ ಬೇಕು, ಜತೆಗೆ ನೆರವೂ ಬೇಕು. ಸಣ್ಣವನ ಒಲೆ ಆರಿಸಿ, ಕಾರ್ಖಾನೆಯ ಚಿಮಿಣಿ, ಕಟ್ಟಡದ ಧೂಳು, ಲಾರಿಯ ಹೊಗೆಗೆ ವಿನಾಯಿತಿ ಕೊಟ್ಟರೆ ಅದು ನ್ಯಾಯವಲ್ಲ.

ಇಲ್ಲಿ ಕನ್ನಡ ಸಂಘಗಳೂ ಕೈಜೋಡಿಸಬಹುದು. ವೈದ್ಯಕೀಯ ಶಿಬಿರಗಳಲ್ಲಿ ಹೊಟೇಲು ಕಾರ್ಮಿಕರ ಶ್ವಾಸಕೋಶ ತಪಾಸಣೆ ನಡೆಯಲಿ. ಸಮಾಜ ಬಾಂಧವರ ಸಹಕಾರಿ ಬ್ಯಾಂಕುಗಳು ಒಲೆ ಬದಲಿಸಲು ಕಡಿಮೆ ಬಡ್ಡಿಯ ಸಾಲ ನೀಡಲಿ. ನೋಟಿಸು ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಸಿದ್ಧರಾಗುವುದು ಲೇಸು.