ಅಪ್ಪನ ಗೀಟು, ಮಗಳ ಗಿಟ್

ಮೂರು ದಿನದಿಂದ ಹೊಳವಿಲ್ಲ. ಎರಡನೇ ಸಲದ ಬೋರ್ಡೋ ಹೊಡೆಸೋದು ಬಾಕಿ, ಮೈಲುತುತ್ತ ಸುಣ್ಣ ತಂದಿಟ್ಟು ಕೂತಿದ್ದೇನೆ. ಹೋದ ಕೊಯ್ಲಿನಲ್ಲಿ ನನ್ನಿಂದಾದ ಒಂದು ತಪ್ಪನ್ನು ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಇವತ್ತು ಬರೆದುಬಿಡ್ತೇನೆ.

ಕೊಯ್ಲು ಮುಗಿದು ಕೊನೆಗೌಡರ ಲೆಕ್ಕ ಮಾಡ್ತಿದ್ದೆ. ಮಳೆಗಾಲಕ್ಕೆ ಮುಂಚೆ ಕೊಟ್ಟ ಮುಂಗಡ ನನ್ನ ಎಕ್ಸೆಲ್ ಫೈಲಿನಲ್ಲಿ 10,000 ಅಂತಿತ್ತು. ಅವರು 6,000 ಅಂದರು. “ಫೈಲಲ್ಲಿ ಇದ್ಯಲ್ಲ ಗೌಡ್ರೇ” ಅಂದೆ. ಇಪ್ಪತ್ತು ವರ್ಷದಿಂದ ನಮ್ಮ ಮರ ಹತ್ತುವ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಫೈಲಲ್ಲಿ ಇದ್ರೆ ಇರ್ಲಿ ಬಿಡಿ” ಅಂತ ಉಳಿದ ದುಡ್ಡು ತಗೊಂಡು ಹೋದರು.

ಹದಿನೈದು ದಿನದ ಮೇಲೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹೆಂಡತಿ ಬರೆದಿಟ್ಟಿದ್ದು ಕಣ್ಣಿಗೆ ಬಿತ್ತು: ಮುಂಗಡ 6,000. ಬಾಕಿ 4,000 ಗೊಬ್ಬರದ್ದು. ಯಾವತ್ತೋ ರಾತ್ರಿ ತೂಕಡಿಸ್ತಾ ತಪ್ಪು ಸಾಲಿಗೆ ಕೂಡಿಸಿ ಸೇವ್ ಮಾಡಿದ್ದೆ. ಮನೆಗೆ ಹೋಗಿ ದುಡ್ಡು ಕೊಟ್ಟು ಬಂದೆ. ಅವರ ಮುಖ ನೋಡೋದೇ ಕಷ್ಟ ಆಯ್ತು.

ಅಪ್ಪನ ಲೆಕ್ಕದ ಪುಸ್ತಕದಲ್ಲಿ ಹೀಗಾಗ್ತಿರಲಿಲ್ಲ. ತಪ್ಪಿದ ಅಂಕಿಯ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಸರಿಯಾದ್ದು ಬರೀತಿದ್ದರು. ಹಳೇದೂ ಕಾಣ್ತಿತ್ತು. ಎಕ್ಸೆಲ್‌ನಲ್ಲಿ ತಿದ್ದಿ ಸೇವ್ ಮಾಡಿ ಮುಚ್ಚಿದರೆ ಹಳೇ ಅಂಕಿ ಇತ್ತು ಅನ್ನೋದಕ್ಕೇ ಗುರುತಿಲ್ಲ.

ಇದನ್ನ ಮಗಳ ಹತ್ರ ಹೇಳಿಕೊಂಡಾಗ ಅವಳು ಗಿಟ್ ಕಲಿಸಿದಳು. ಲಿನಕ್ಸ್ ಮಾಡಿದ ಲಿನಸ್ ಟೋರ್ವಾಲ್ಡ್ಸ್ ಅವರೇ 2005ರಲ್ಲಿ ಇದನ್ನೂ ಮಾಡಿದ್ದು. ಸಾವಿರಾರು ಜನ ಒಂದೇ ಕೋಡನ್ನು ತಿದ್ದುವಾಗ ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಅನ್ನೋದು ಉಳಿಯಬೇಕಲ್ಲ, ಅದಕ್ಕೆ.

ಮೊದಲು ಕಪ್ಪು ಪರದೆಯ ಹೆದರಿಕೆ ಬಿಡಬೇಕು. ವಿಂಡೋಸ್‌ಗೆ ಗಿಟ್ ಹಾಕಿದರೆ ಗಿಟ್ ಬ್ಯಾಶ್ ಅಂತ ಜೊತೆಗೇ ಬರುತ್ತೆ. ಮೊದಲ ಆಜ್ಞೆ ಪಿಡಬ್ಲ್ಯೂಡಿ! ರಸ್ತೆಯವರು ಇಲ್ಲಿಗೂ ಬಂದ್ರಾ ಅಂದೆ. ಯಾವ ಫೋಲ್ಡರಿನಲ್ಲಿ ನಿಂತಿದ್ದೀವಿ ಅಂತ ಅದು ಹೇಳುತ್ತೆ. ಎಲ್‌ಎಸ್ ಅಂದರೆ ಅಲ್ಲಿ ಏನೇನಿದೆ, ಸಿಡಿ ಅಂದರೆ ಇನ್ನೊಂದು ಫೋಲ್ಡರಿಗೆ ಹೋಗೋದು. ಆರ್‌ಎಂ ಹತ್ರ ಮಾತ್ರ ಹುಷಾರು, ಅದರಲ್ಲಿ ಅಳಿಸಿದ್ದು ಕಸದಬುಟ್ಟಿಗೂ ಹೋಗಲ್ಲ.

ಲೆಕ್ಕದ ಫೋಲ್ಡರಿನೊಳಗೆ ಹೋಗಿ ಒಂದೇ ಸಲ ಗಿಟ್ ಇನಿಟ್. ಆಮೇಲೆ ಲೆಕ್ಕ ಬರೆದ ದಿನ ಗಿಟ್ ಆಡ್, ಗಿಟ್ ಕಮಿಟ್, ಜೊತೆಗೆ ಯಾಕೆ ತಿದ್ದಿದೆ ಅಂತ ಒಂದು ಸಾಲು. ಆ ಸಾಲಿಗೆ ಮುಂಚೆ ಡ್ಯಾಶ್ ಎಂ ಹಾಕಬೇಕು. ಒಂದ್ಸಲ ಎರಡನ್ನೂ ಮರೆತು ಬರೀ ಗಿಟ್ ಕಮಿಟ್ ಅಂತ ಕೊಟ್ಟು ವಿಮ್ ಅನ್ನೋ ಬಲೆಯಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದಿದ್ದೆ. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್. ಬರೆದಿಟ್ಟುಕೊಳ್ಳಿ. ಇನ್ನೊಂದು, ಎಕ್ಸೆಲ್ ಫೈಲನ್ನು ಗಿಟ್ ಇಟ್ಟುಕೊಳ್ಳುತ್ತೆ, ಆದರೆ ಒಳಗೆ ಏನು ಬದಲಾಯ್ತು ಅಂತ ತೋರಿಸಲ್ಲ. ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿ, ಕನ್ನಡವೂ ಕೆಡಲ್ಲ.

ಗಿಟ್ ಲಾಗ್ ಡ್ಯಾಶ್ ಪಿ ಅಂದರೆ ಹಳೇ ಸಾಲು ಕೆಂಪಿನಲ್ಲಿ ಕಳೆಯುವ ಗುರುತಿನೊಂದಿಗೆ, ಹೊಸದು ಹಸಿರಿನಲ್ಲಿ ಬರುತ್ತೆ. ಅಪ್ಪನ ಗೀಟೇ ಅದು.

“ನಮಗ್ಯಾಕೋ ಇದೆಲ್ಲ” ಅಂತ ಗೆಳೆಯರು ನಗ್ತಾರೆ. ಪುಸ್ತಕದಲ್ಲಿ ಬರೆಯುವವರು ಹಾಗೇ ಬರೀರಿ, ನನ್ನ ತಕರಾರಿಲ್ಲ. ಆದರೆ ಆಳಿನ ಲೆಕ್ಕ, ನೀರಿನ ಸರದಿ, ಸಂಘದ ಜಮಾಖರ್ಚು ಯಾರ ಲ್ಯಾಪ್‌ಟಾಪಿನಲ್ಲಿದೆಯೋ ಅವರ ಮಾತೇ ನಡೆಯುತ್ತೆ, ಉಳಿದವರು ನಂಬಬೇಕು. ಫೈಲು ಇಟ್ಟುಕೊಂಡ ನಾವೇ ತಿದ್ದಿದ್ದನ್ನೂ ತೋರಿಸಬೇಕು ಅನ್ನೋದು ನನ್ನ ಹಟ. ಗಿಟ್ಟನ್ನೂ ಗೊತ್ತಿದ್ದವನು ತಿರುಚಬಹುದು, ಒಂದೇ ಪ್ರತಿ ಇದ್ದರೆ. ಅದಕ್ಕೇ ಗೌಡರ ಲೆಕ್ಕದ್ದು ಬೇರೆ ಫೋಲ್ಡರ್ ಮಾಡಿ, ತಿಂಗಳಿಗೊಮ್ಮೆ ಅದರ ಪ್ರತಿಯನ್ನು ಅವರ ಮಗನ ಪೆನ್‌ಡ್ರೈವಿಗೆ ಹಾಕ್ತೇನೆ.

ಈ ವರ್ಷದ ಮುಂಗಡ 8,000. ಕಮಿಟ್ ಮಾಡುವಾಗ ಅವರು ಜಗಲಿಯಲ್ಲಿ ಪಕ್ಕದಲ್ಲೇ ಕೂತಿದ್ದರು. ಕವಳ ಹಾಕ್ತಾ “ಈ ಸಲ ಫೈಲಿಗೆ ಸರಿಯಾಗಿ ಹೇಳಿದ್ರಾ?” ಅಂದರು.

ಕಲಿಯೋ ಮನಸ್ಸಿದ್ದವರು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬನ್ನಿ. ಮಳೆ ಬಿಡೋವರೆಗೆ ನಾನು ಮನೆಯಲ್ಲೇ ಇದ್ದೇನೆ.